ನರ್ಸಿಂಗ್ ಪರೀಕ್ಷೆ: ಮಾತಿಗೂ ಹೊಂದಾಣಿಕೆಗೂ ಅಂಕ ಕೊಡುವುದು ಹೇಗೆ?

ಬಿಎಸ್ಸಿ ನರ್ಸಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಗೊಂದಲ ಇದೆ. ವರ್ಷಕ್ಕೊಮ್ಮೆ ಬರುತ್ತಿದ್ದ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು. 'ಓಸ್ಕಿ' ಅನ್ನುವ ಹೊಸ ಪ್ರಾಕ್ಟಿಕಲ್ ಬಂತು. ಅದರ ಬೆನ್ನಿಗೇ, ನರ್ಸಿಂಗ್ ಶಿಕ್ಷಣಕ್ಕೆ ನಿಯಮ ರೂಪಿಸುವ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಜಾಗಕ್ಕೆ ರಾಷ್ಟ್ರೀಯ ಆಯೋಗ ಬರುತ್ತದೆ ಅನ್ನುವ ಸುದ್ದಿಯೂ ಬಂತು. ಇದೆಲ್ಲದರ ನಡುವೆ ಪದೇ ಪದೇ ಕೇಳಿಬರುವ ಮಾತು ಒಂದೇ: ಇನ್ನು ಮುಂದೆ ರೋಗಿಯ ಜೊತೆ ಹೇಗೆ ಮಾತಾಡುತ್ತಾರೆ, ಜೊತೆಗಿರುವವರೊಂದಿಗೆ ಹೇಗೆ ಕೆಲಸ ಮಾಡುತ್ತಾರೆ ಅನ್ನುವುದಕ್ಕೂ ಅಂಕ.

ಕೇಳಿದವರಿಗೆ ಸಹಜವಾಗಿಯೇ ಅನುಮಾನ ಹುಟ್ಟುತ್ತದೆ. ಇಂಜೆಕ್ಷನ್ ಸರಿಯಾಗಿ ಕೊಟ್ಟರೋ ಇಲ್ಲವೋ ಎಂದು ನೋಡಿ ಹೇಳಬಹುದು. ಆದರೆ ಮಾತು ಚೆನ್ನಾಗಿತ್ತು ಅಂತ ಯಾರು ತೀರ್ಮಾನಿಸುವುದು? ಹೊಂದಾಣಿಕೆಗೆ ಹತ್ತಕ್ಕೆ ಏಳು ಅಂದರೆ ಏನರ್ಥ? ಇದು ಸುಮ್ನೆ ಇಂಗ್ಲಿಷ್ ಪರೀಕ್ಷೆಯಾ? ಮೇಡಂಗೆ ಇಷ್ಟವಾದವರಿಗೆ ಜಾಸ್ತಿ ಅಂಕ ಹಾಕುವ ದಾರಿಯಾ?

ಈ ಅನುಮಾನಗಳು ತಪ್ಪಲ್ಲ. ಮಾತನ್ನೂ ತಂಡದ ಕೆಲಸವನ್ನೂ ಅಳೆಯುವುದು ಖಂಡಿತ ಬೇಕು. ಆದರೆ ಸರಿಯಾಗಿ ಅಳೆಯದಿದ್ದರೆ ಮಾತಿನ ಹೆಸರಲ್ಲಿ ಇಂಗ್ಲಿಷನ್ನೂ, ತಂಡದ ಹೆಸರಲ್ಲಿ ವಿಧೇಯತೆಯನ್ನೂ ಅಳೆದುಬಿಡುವ ಅಪಾಯ ಇದೆ. ಆಗ ನಷ್ಟ ವಿದ್ಯಾರ್ಥಿಗೆ ಮಾತ್ರವಲ್ಲ, ಹಾಸಿಗೆಯಲ್ಲಿ ಮಲಗಿರುವವರಿಗೂ ಆಗುತ್ತದೆ.

ಏನೇನು ಬದಲಾಗಿದೆ

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಬಿಎಸ್ಸಿ ನರ್ಸಿಂಗ್‌ನ ಪರಿಷ್ಕೃತ ನಿಯಮ ಮತ್ತು ಪಠ್ಯಕ್ರಮವನ್ನು 2021ರ ಜುಲೈನಲ್ಲಿ ಗೆಜೆಟ್‌ನಲ್ಲಿ ಪ್ರಕಟಿಸಿತು. 2021-22ರ ಬ್ಯಾಚ್‌ನಿಂದ ಅದು ಜಾರಿಗೆ ಬಂತು. ನಾಲ್ಕು ವರ್ಷಗಳ ಕೋರ್ಸ್ ಎಂಟು ಸೆಮಿಸ್ಟರ್ ಆಯಿತು, ಕ್ರೆಡಿಟ್ ಪದ್ಧತಿ ಬಂತು. ಮೊದಲ ಸೆಮಿಸ್ಟರ್‌ನಲ್ಲೇ ಇಂಗ್ಲಿಷ್ ಸಂವಹನದ ಪಾಠ ಇದೆ. ಕೊನೆಯ ಸೆಮಿಸ್ಟರ್‌ನಲ್ಲಿ 22 ವಾರಗಳ ಇಂಟರ್ನ್‌ಶಿಪ್ ಇದೆ. ಕರ್ನಾಟಕದಲ್ಲಿ ಈ ಪರೀಕ್ಷೆಗಳನ್ನು ನಡೆಸುವುದು ಮುಖ್ಯವಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಹಳೆಯ ಪ್ರಾಕ್ಟಿಕಲ್ ಪರೀಕ್ಷೆ ಎಲ್ಲರಿಗೂ ಗೊತ್ತಿರುವಂಥದ್ದೇ. ಒಂದು ಪ್ರೊಸೀಜರ್ ಬರುತ್ತದೆ, ಮಾಡಿ ತೋರಿಸಬೇಕು. ಆಮೇಲೆ ವೈವಾ. ಯಾವ ಪ್ರೊಸೀಜರ್ ಬಂತು, ಪರೀಕ್ಷಕರು ಯಾರು ಅನ್ನುವುದರ ಮೇಲೆ ಬಹಳಷ್ಟು ನಿಂತಿರುತ್ತಿತ್ತು. ಒಬ್ಬರಿಗೆ ಸುಲಭದ್ದು ಬಿದ್ದರೆ ಇನ್ನೊಬ್ಬರಿಗೆ ಕಷ್ಟದ್ದು ಬೀಳುತ್ತಿತ್ತು.

ಈ ಅಸಮಾನತೆ ಹೋಗಲಿ ಎಂದೇ 1975ರಲ್ಲಿ ಸ್ಕಾಟ್‌ಲೆಂಡ್‌ನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು ಬೇರೆ ಬಗೆಯ ಪರೀಕ್ಷೆಯೊಂದನ್ನು ಮುಂದಿಟ್ಟರು. ಅದೇ ಅಬ್ಜೆಕ್ಟಿವ್ ಸ್ಟ್ರಕ್ಚರ್ಡ್ ಕ್ಲಿನಿಕಲ್ ಎಕ್ಸಾಮಿನೇಷನ್. ಬಾಯಲ್ಲಿ ಅದು 'ಓಸ್ಕಿ' ಆಯಿತು. ಒಂದರ ಪಕ್ಕ ಒಂದು ಸ್ಟೇಷನ್‌ಗಳಿರುತ್ತವೆ, ಪ್ರತಿಯೊಂದಕ್ಕೂ ಕೆಲವೇ ನಿಮಿಷ. ಗಂಟೆ ಹೊಡೆದ ಕೂಡಲೇ ಮುಂದಿನದಕ್ಕೆ ಹೋಗಬೇಕು. ಎಲ್ಲರಿಗೂ ಅದೇ ಕೆಲಸ, ಅದೇ ಸಮಯ, ಅದೇ ಚೆಕ್‌ಲಿಸ್ಟ್. ಒಂದು ಸ್ಟೇಷನ್‌ನಲ್ಲಿ ಬಿಪಿ ನೋಡುವುದು, ಇನ್ನೊಂದರಲ್ಲಿ ಗಾಯಕ್ಕೆ ಡ್ರೆಸಿಂಗ್, ಮತ್ತೊಂದರಲ್ಲಿ ಸಕ್ಕರೆ ಕಾಯಿಲೆಯವರಿಗೆ ಮನೆಯಲ್ಲಿ ಇನ್ಸುಲಿನ್ ಹೇಗೆ ತಗೋಬೇಕು ಅಂತ ವಿವರಿಸುವುದು. ಮಾತಿಗೆ ಅಂಕ ಬೀಳುವುದು ಈ ಮೂರನೆಯ ಬಗೆಯ ಸ್ಟೇಷನ್‌ನಲ್ಲಿ.

ಹೊಸ ಪಠ್ಯಕ್ರಮದಲ್ಲಿ ಓಸ್ಕಿಯ ಜೊತೆಗೆ, ವಾರ್ಡ್‌ನಲ್ಲೇ ನಿಂತು ವಿದ್ಯಾರ್ಥಿಯ ಕೆಲಸವನ್ನು ನೇರವಾಗಿ ನೋಡಿ ಅಂಕ ಕೊಡುವ ಪದ್ಧತಿಯೂ ಇದೆ. ವಿದ್ಯಾರ್ಥಿಯನ್ನು ವಾರ್ಡ್‌ನ ಕೆಲಸಕ್ಕೆ ಹಾಕುವ ಅವಧಿ, ಅಂದರೆ ಪೋಸ್ಟಿಂಗ್ ಉದ್ದಕ್ಕೂ ಗಮನಿಸುತ್ತ ಹೋಗುವ ನಿರಂತರ ಮೌಲ್ಯಮಾಪನವೂ ಇದೆ. ಓಸ್ಕಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಎರಡರ ಬಗ್ಗೆ ಅಷ್ಟಾಗಿ ಮಾತು ಕೇಳುವುದಿಲ್ಲ. ಆದರೆ ತಂಡದ ಕೆಲಸ ಕಣ್ಣಿಗೆ ಬೀಳುವುದು ಇಲ್ಲೇ.

ನರ್ಸಿಂಗ್ ಒಂದೇ ಹೀಗೆ ಬದಲಾಗುತ್ತಿಲ್ಲ. ಎಂಬಿಬಿಎಸ್‌ನಲ್ಲೂ 2019ರಿಂದ ನಡವಳಿಕೆ, ನೀತಿ, ಸಂವಹನ ಮೂರನ್ನೂ ಸೇರಿಸಿದ 'ಏಟ್‌ಕಾಮ್' ಪಾಠ ಕಡ್ಡಾಯವಾಗಿದೆ.

ಗೊತ್ತಿದ್ದೂ ತಲುಪದ ಮಾತು

ಇದೆಲ್ಲ ಯಾಕೆ ಬೇಕಾಯಿತು? 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಹೊರತಂದಿತು. ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದು ಎಂದು ಅದು ಅಂದಾಜು ಮಾಡಿತು. ಬಹಳಷ್ಟು ತಪ್ಪುಗಳು ಯಾರೋ ಒಬ್ಬರ ಅಜ್ಞಾನದಿಂದ ಆಗುವುದಿಲ್ಲ, ಕೆಲಸ ನಡೆಯುವ ವ್ಯವಸ್ಥೆಯ ದೋಷದಿಂದ ಆಗುತ್ತವೆ ಎಂಬುದು ಅದರ ಮುಖ್ಯ ಮಾತು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ತಲುಪದೆ ಹೋಗುವುದು ಅಂಥ ದೋಷಗಳಲ್ಲಿ ದೊಡ್ಡದು.

ಇದು ಹೇಗೆ ಆಗುತ್ತದೆ ಎಂಬುದಕ್ಕೆ 2005ರ ಮಾರ್ಚ್‌ನಲ್ಲಿ ಇಂಗ್ಲೆಂಡ್‌ನಲ್ಲಿ ನಡೆದ ಘಟನೆ ನೋಡಬೇಕು. 37 ವರ್ಷದ ಇಲೇನ್ ಬ್ರೋಮಿಲಿ ಸೈನಸ್‌ನ ಸಣ್ಣ ಆಪರೇಷನ್‌ಗೆ ಸೇರಿದ್ದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಅನುಭವಿ ವೈದ್ಯರು ಬಾಯಿಂದ ಟ್ಯೂಬ್ ಹಾಕಲು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದರು. ಅಲ್ಲಿದ್ದ ಒಬ್ಬ ನರ್ಸ್ ಕುತ್ತಿಗೆಯಿಂದ ಉಸಿರಿನ ದಾರಿ ಮಾಡುವ ಟ್ರಕಿಯೋಸ್ಟಮಿ ಸೆಟ್ ತಂದು, ಸೆಟ್ ಇಲ್ಲಿದೆ ಎಂದು ತಿಳಿಸಿದರು. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಬೆಡ್ ಇದೆಯೆಂದು ಬಂದು ಹೇಳಿದರು. ವೈದ್ಯರ ಮುಖ ನೋಡಿದಾಗ ತಾನೇ ಅತಿ ಮಾಡಿದೆ ಅನ್ನಿಸಿ, ಆ ಬೆಡ್ ಬೇಡ ಎಂದು ವಾಪಸ್ ಹೇಳಿದರು. ಇಲೇನ್ 13 ದಿನಗಳ ನಂತರ ತೀರಿಕೊಂಡರು.

ಏನು ಮಾಡಬೇಕೆಂದು ಆ ಕೋಣೆಯಲ್ಲಿ ನರ್ಸ್‌ಗಳಿಗೆ ಹೊಳೆದಿತ್ತು. ಬೇಕಾದ ಸೆಟ್ ಎದುರಲ್ಲೇ ಇತ್ತು. ಮಾತು ಮಾತ್ರ ಕೇಳಬೇಕಾದವರ ಕಿವಿಗೆ ಬೀಳಲಿಲ್ಲ. ಇಲೇನ್ ಅವರ ಪತಿ ಮಾರ್ಟಿನ್ ವಿಮಾನದ ಪೈಲಟ್. ಪೈಲಟ್‌ಗಳಿಗೆ ಮೇಲಿನವರನ್ನು ಎಚ್ಚರಿಸುವ ತರಬೇತಿಯೂ ಅದಕ್ಕೆ ಪರೀಕ್ಷೆಯೂ ಇವೆ. ಆಸ್ಪತ್ರೆಗಳಲ್ಲಿ ಯಾಕಿಲ್ಲ ಎಂದು ಅವರು ಕೇಳಿದರು. ಆ ಪ್ರಶ್ನೆಯನ್ನು ಹಿಡಿದು ಅಲ್ಲಿ ದೊಡ್ಡ ಚರ್ಚೆಯೇ ಶುರುವಾಯಿತು.

ಮಾತು ಸರಿಹೋದರೆ ಫಲ ಕಾಣುತ್ತದೆ ಎನ್ನಲೂ ಆಧಾರ ಇದೆ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟ್ ಬಳಸಿ ನೋಡಿದರು. ಆಪರೇಷನ್‌ಗೆ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳುವುದೂ ಆ ಪಟ್ಟಿಯಲ್ಲಿದೆ. 2009ರಲ್ಲಿ ಬಂದ ಫಲಿತಾಂಶದಲ್ಲಿ ಸಾವಿನ ಪ್ರಮಾಣ 1.5 ಶೇಕಡದಿಂದ 0.8ಕ್ಕೆ ಇಳಿದಿತ್ತು. ಡ್ಯೂಟಿ ಬದಲಾಗುವಾಗ ಕಿರಿಯ ವೈದ್ಯರು ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಅನ್ನು ಕ್ರಮಬದ್ಧಗೊಳಿಸಿದ ಇನ್ನೊಂದು ಅಧ್ಯಯನ 2014ರಲ್ಲಿ ಬಂತು. ಉತ್ತರ ಅಮೆರಿಕದ ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳು 23 ಶೇಕಡ ಕಡಿಮೆಯಾಗಿದ್ದವು.

ಒಂದು ಫೋನ್ ಕರೆ

ಸರಿ, ಮಾತು ಮುಖ್ಯ ಅಂತಾಯಿತು. ಆದರೆ ಅದನ್ನು ಅಳೆಯಲು ಆಗುತ್ತದಾ? ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾತ್ರಿ ಡ್ಯೂಟಿ. ಸಂಜೆ ಸಿಸೇರಿಯನ್ ಆದ ಬಾಣಂತಿ ಮಂಕಾಗಿದ್ದಾರೆ. ನರ್ಸ್ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾರೆ.

"ಮೇಡಂ, ಎಂಟನೇ ಬೆಡ್ ಪೇಷಂಟ್‌ಗೆ ಯಾಕೋ ಸರಿ ಇಲ್ಲ. ಒಂದ್ಸಲ ಬಂದು ನೋಡ್ತೀರಾ?"

ಇದರಲ್ಲಿ ವಿನಯ ಇದೆ, ಕಾಳಜಿ ಇದೆ. ಆದರೆ ಇನ್ನೊಂದು ವಾರ್ಡ್‌ನಲ್ಲಿ ಕೈತುಂಬ ಕೆಲಸ ಇರುವ ಡಾಕ್ಟರಿಗೆ ಇದು ಎಷ್ಟು ತುರ್ತು ಅಂತ ಗೊತ್ತಾಗುವುದಿಲ್ಲ. ಅದೇ ವಿಷಯವನ್ನು ಹೀಗೂ ಹೇಳಬಹುದು:

"ಮೇಡಂ, ಪೋಸ್ಟ್‌ನೇಟಲ್ ವಾರ್ಡ್‌ನಿಂದ ಮಾತಾಡ್ತಿದೀನಿ. ಎಂಟನೇ ಬೆಡ್‌ನವರಿಗೆ ಬ್ಲೀಡಿಂಗ್ ಜಾಸ್ತಿ ಆಗ್ತಿದೆ. ಆರು ಗಂಟೆ ಹಿಂದೆ ಸಿಸೇರಿಯನ್ ಆಗಿದೆ, ಎರಡನೇ ಹೆರಿಗೆ. ಈಗ ಬಿಪಿ 84/50, ಪಲ್ಸ್ 126. ಅರ್ಧ ಗಂಟೆಲಿ ಎರಡು ಪ್ಯಾಡ್ ಪೂರ್ತಿ ನೆಂದಿದೆ. ಗರ್ಭಕೋಶ ಮುಟ್ಟಿದ್ರೆ ಮೆತ್ತಗಿದೆ, ಗಟ್ಟಿ ಆಗ್ತಿಲ್ಲ. ನೀವು ಈಗಲೇ ಬರಬೇಕು. ಐವಿ ಓಡ್ತಿದೆ. ಕ್ರಾಸ್ ಮ್ಯಾಚ್‌ಗೆ ರಕ್ತ ಕಳಿಸಲಾ?"

ಈಗ ಏನಾಗಿದೆ, ಹಿನ್ನೆಲೆ ಏನು, ನಾನು ಕಂಡಿದ್ದೇನು, ನಿಮ್ಮಿಂದ ಏನು ಬೇಕು. ಈ ನಾಲ್ಕು ಮೆಟ್ಟಿಲಿನ ಕ್ರಮಕ್ಕೆ ಎಸ್‌ಬಾರ್ ಅನ್ನುತ್ತಾರೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿಯಿಂದ ಅದು ಆಸ್ಪತ್ರೆಗಳಿಗೆ ಬಂತು. ಡಾಕ್ಟರ್ ಆ ಕಡೆಯಿಂದ "ಒಂದು ಲೀಟರ್‌ಗೆ 20 ಯುನಿಟ್ ಆಕ್ಸಿಟೋಸಿನ್ ಹಾಕಿ ಓಡಿಸಿ, ಬರ್ತಿದೀನಿ" ಅಂದರು ಅಂದುಕೊಳ್ಳಿ. ನರ್ಸ್ ಸುಮ್ಮನೆ ಹ್ಞೂಂ ಅನ್ನದೆ "ಒಂದು ಲೀಟರ್‌ಗೆ ಆಕ್ಸಿಟೋಸಿನ್ 20 ಯುನಿಟ್, ಸರಿ ಅಲ್ವಾ ಮೇಡಂ?" ಎಂದು ಓದಿ ಹೇಳಿದರೆ ತಪ್ಪು ಕೇಳಿಸಿಕೊಂಡಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಈ ಕರೆಯನ್ನು ಇಬ್ಬರು ಪರೀಕ್ಷಕರು ಬೇರೆ ಬೇರೆ ಕೂತು ಕೇಳಿದರೂ ಅಂಕದಲ್ಲಿ ದೊಡ್ಡ ವ್ಯತ್ಯಾಸ ಬರಲಾರದು. ಬೆಡ್ ನಂಬರ್ ಹೇಳಿದರೋ ಇಲ್ಲವೋ, ಅಂಕಿಗಳನ್ನು ಕೊಟ್ಟರೋ ಇಲ್ಲವೋ, ಬೇಕಾದ್ದನ್ನು ನೇರವಾಗಿ ಕೇಳಿದರೋ ಇಲ್ಲವೋ, ಆರ್ಡರ್ ಓದಿ ಹೇಳಿದರೋ ಇಲ್ಲವೋ. 'ಸಂವಹನ ಕೌಶಲ' ಎಂಬ ದೊಡ್ಡ ಹೆಸರಿಗೆ ಹತ್ತಕ್ಕಿಷ್ಟು ಅಂತ ಹಾಕಲು ಹೊರಟರೆ ಅದು ಅವರವರ ಅಭಿಪ್ರಾಯ. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಣ್ಣ ಸಣ್ಣ ನಡವಳಿಕೆಗಳಾಗಿ ಬಿಡಿಸಿದರೆ ಅಳೆಯಬಹುದು.

ಇದಕ್ಕೂ ಮಿತಿ ಇದೆ. ಚೆಕ್‌ಲಿಸ್ಟ್ ಗೊತ್ತಾದ ಮೇಲೆ ಅದನ್ನೇ ಬಾಯಿಪಾಠ ಮಾಡುವುದು ಶುರುವಾಗುತ್ತದೆ. ಸ್ಟೇಷನ್‌ಗೆ ಬಂದ ಕೂಡಲೇ ಹೆಸರು ಹೇಳು, ನಮಸ್ಕಾರ ಮಾಡು, ಪರದೆ ಎಳಿ, "ನಿಮಗೆ ಏನಾದ್ರೂ ಸಂದೇಹ ಇದ್ಯಾ" ಅಂತ ಕೇಳು. ರೋಗಿ ಅಳುತ್ತಿದ್ದರೂ ಪಟ್ಟಿಯಲ್ಲಿರುವುದನ್ನೇ ಒಪ್ಪಿಸಿ ಹೊರಟವರಿಗೂ ಪೂರ್ತಿ ಅಂಕ ಬಂದುಬಿಡಬಹುದು. ಹಾಗಾಗಿ ಪಟ್ಟಿಯ ಜೊತೆಗೆ, ಒಟ್ಟಾರೆ ಈ ಮಾತುಕತೆ ಹೇಗಿತ್ತು ಎಂದು ಅನುಭವಿ ಪರೀಕ್ಷಕರು ಕೊಡುವ ಅಂಕವೂ ಇರಬೇಕು. ಸ್ಟೇಷನ್‌ಗಳೂ ಜಾಸ್ತಿ ಇರಬೇಕು. ಅಳುವವರನ್ನು ಚೆನ್ನಾಗಿ ಸಮಾಧಾನ ಮಾಡುವ ವಿದ್ಯಾರ್ಥಿ ಫೋನ್‌ನಲ್ಲಿ ತಡವರಿಸಬಹುದು. ಒಂದೇ ಸ್ಟೇಷನ್ ನೋಡಿ ಇವರಿಗೆ ಮಾತು ಬರುತ್ತದೆ, ಇವರಿಗೆ ಬರುವುದಿಲ್ಲ ಎನ್ನಲಾಗದು.

ಇಂಗ್ಲಿಷ್ ಬಂದರೆ ಸಾಕೇ

ನಮ್ಮಲ್ಲಿ 'ಕಮ್ಯುನಿಕೇಷನ್' ಅಂದ ಕೂಡಲೇ ಇಂಗ್ಲಿಷ್ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ನರ್ಸಿಂಗ್ ಪಾಠ ಇಂಗ್ಲಿಷ್‌ನಲ್ಲಿ, ಪರೀಕ್ಷೆ ಇಂಗ್ಲಿಷ್‌ನಲ್ಲಿ, ಹೊರದೇಶದ ಕೆಲಸಕ್ಕೂ ಇಂಗ್ಲಿಷ್ ಬೇಕು. ಹಾಗಾಗಿ ರಾಯಚೂರು, ಯಾದಗಿರಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ವೈವಾದಲ್ಲಿ ತಡವರಿಸಿದರೆ ಅವಳಿಗೆ 'ಸಂವಹನ ಕಮ್ಮಿ' ಎಂಬ ಹಣೆಪಟ್ಟಿ ಬೀಳುತ್ತದೆ. ಅದೇ ಹುಡುಗಿ ವಾರ್ಡ್‌ನಲ್ಲಿ ಅಜ್ಜಿಯ ಪಕ್ಕ ಕೂತು, ಮಾತ್ರೆ ಯಾಕೆ ಬಿಟ್ಟಿರಿ ಅಂತ ಮೆಲ್ಲಗೆ ಕೇಳಿ, ಮಾತ್ರೆ ಕೊಳ್ಳಲು ದುಡ್ಡಿರಲಿಲ್ಲ ಎಂಬ ನಿಜವನ್ನು ಹೊರಗೆ ತಂದಿರಬಹುದು. ಆ ಮಾತಿಗೆ ಯಾವ ಕಾಲಂನಲ್ಲೂ ಅಂಕ ಇಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಗೆ ಕೇರಳ, ಪಶ್ಚಿಮ ಬಂಗಾಳ, ಈಶಾನ್ಯ ರಾಜ್ಯಗಳಿಂದ ಬಹಳ ವಿದ್ಯಾರ್ಥಿಗಳು ಬರುತ್ತಾರೆ. ಇಂಗ್ಲಿಷ್ ಚೆನ್ನಾಗಿದ್ದರೂ ಜಿಲ್ಲಾಸ್ಪತ್ರೆಯ ವಾರ್ಡ್‌ನಲ್ಲಿ ಅದು ಹೆಚ್ಚು ದೂರ ಸಾಗುವುದಿಲ್ಲ. ಅಲ್ಲಿನ ರೋಗಿ ಕನ್ನಡ, ಉರ್ದು, ತುಳು, ತೆಲುಗು ಮಾತಾಡುತ್ತಾರೆ. ಎಲ್ಲಿ ನೋವು, ಯಾವಾಗಿನಿಂದ, ಊಟ ಸೇರುತ್ತಾ, ಈ ಮಾತ್ರೆ ಊಟಕ್ಕೆ ಮೊದಲು ಅನ್ನುವಷ್ಟಾದರೂ ರೋಗಿಯ ಭಾಷೆಯಲ್ಲಿ ಬರದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಓಸ್ಕಿಯಲ್ಲಿ ಕನಿಷ್ಠ ಒಂದೆರಡು ಸ್ಟೇಷನ್ ಕನ್ನಡದಲ್ಲೇ ಇರಬೇಕು, ಹೊರಗಿನಿಂದ ಬಂದವರಿಗೂ ಅದಕ್ಕೆ ಮೊದಲ ವರ್ಷದಿಂದಲೇ ಕಲಿಕೆ ಇರಬೇಕು. ಇದು ಭಾಷಾಭಿಮಾನಕ್ಕೆ ಕೇಳುವ ಬೇಡಿಕೆಯಲ್ಲ. ರೋಗಿಯ ಸುರಕ್ಷತೆಗೆ ಇದು ಬೇಕು.

ಹೊರದೇಶದ ಪರೀಕ್ಷೆಗಳೂ ಬರೀ ಇಂಗ್ಲಿಷನ್ನು ನೋಡುವುದಿಲ್ಲ. ಹೊರದೇಶಕ್ಕೆ ಹೋಗುವ ನರ್ಸ್‌ಗಳು ಬರೆಯುವ, ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿಯಲ್ಲಿ ಸುಮಾರು ಐದೈದು ನಿಮಿಷದ ಎರಡು ಪಾತ್ರಾಭಿನಯ ಇರುತ್ತವೆ. ಅಭ್ಯರ್ಥಿ ನರ್ಸ್ ಆಗಿಯೇ ಮಾತಾಡಬೇಕು, ಎದುರಿನವರು ರೋಗಿ ಅಥವಾ ಅವರ ಕಡೆಯವರು. ಉಚ್ಚಾರಣೆ, ವ್ಯಾಕರಣದ ಜೊತೆಗೆ ರೋಗಿಯೊಂದಿಗೆ ಬಾಂಧವ್ಯ ಬೆಳೆಸಿದರಾ, ಅವರ ಆತಂಕ ಅರ್ಥ ಮಾಡಿಕೊಂಡರಾ, ಮಾತಿಗೆ ಒಂದು ಕ್ರಮ ಇತ್ತಾ, ಬೇಕಾದ ಮಾಹಿತಿ ಪಡೆದರಾ, ಕೊಡಬೇಕಾದ್ದನ್ನು ಅರ್ಥವಾಗುವಂತೆ ಕೊಟ್ಟರಾ ಎಂದೂ ನೋಡುತ್ತಾರೆ. ಬ್ರಿಟನ್‌ನಲ್ಲಿ ನೋಂದಣಿಯಾಗಲು ಹೊರಗಿನ ನರ್ಸ್‌ಗಳು ಹತ್ತು ಸ್ಟೇಷನ್‌ಗಳ ಓಸ್ಕಿ ಪಾಸಾಗಬೇಕು. ಇಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿದು ಅಲ್ಲಿಗೆ ಹೋದವರು ಎಡವುವುದು ಎಷ್ಟೋ ಸಲ ಭಾಷೆಯಲ್ಲಲ್ಲ, ರೋಗಿಯ ಮಾತನ್ನು ಕೇಳಿಸಿಕೊಳ್ಳುವುದರಲ್ಲಿ.

ತಂಡಕ್ಕೆ ಅಂಕವೋ, ಒಬ್ಬರಿಗೋ

ಮಾತಿಗಿಂತ ತಂಡದ ಕೆಲಸ ಅಳೆಯುವುದು ಕಷ್ಟ. ಓಸ್ಕಿಯಲ್ಲಿ ವಿದ್ಯಾರ್ಥಿ ಒಬ್ಬರೇ ಇರುತ್ತಾರೆ. ಒಬ್ಬರೇ ಇದ್ದಾಗ ಹೊಂದಾಣಿಕೆ ಕಾಣುವುದಾದರೂ ಎಲ್ಲಿ?

ನಾಲ್ಕೈದು ಜನರ ಗುಂಪು ಮಾಡಿ, ಡಮ್ಮಿಗೆ ಹೃದಯ ನಿಂತಿದೆ ಎಂದು ಹೇಳಿ, ಗುಂಪು ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದು ಒಂದು ದಾರಿ. ಇದಕ್ಕೆ ಜಗತ್ತಿನ ಬೇರೆ ಬೇರೆ ಕಡೆ ಅಳತೆಪಟ್ಟಿಗಳಿವೆ. 2010ರಲ್ಲಿ ಪ್ರಕಟವಾದ 'ಟೀಮ್' ಎಂಬ ಅಳತೆ ಅವುಗಳಲ್ಲೊಂದು. ಮುಂದಾಳು ಕೆಲಸ ಹಂಚಿದರಾ, ಎಲ್ಲರೂ ಪರಿಸ್ಥಿತಿಯನ್ನು ಗಮನಿಸುತ್ತಿದ್ದರಾ, ಮಾತು ಸ್ಪಷ್ಟವಾಗಿತ್ತಾ ಎಂಬ ಬಗೆಯ 11 ಅಂಶಗಳು, ಜೊತೆಗೆ ಒಟ್ಟಾರೆ ಒಂದು ಅಂಕ.

ತೊಡಕು ಏನೆಂದರೆ, ಇಂಥ ಪಟ್ಟಿಗಳು ಅಳೆಯುವುದು ತಂಡವನ್ನು. ಮಾರ್ಕ್ಸ್ ಕಾರ್ಡ್ ಕೊಡುವುದು ಒಬ್ಬರಿಗೆ. ಇಡೀ ಗುಂಪಿಗೆ ಒಂದೇ ಅಂಕ ಕೊಟ್ಟರೆ ಸುಮ್ಮನೆ ನಿಂತವರಿಗೂ ದುಡಿದವರಿಗೂ ಸಮ. ಬೇರೆ ಬೇರೆ ಕೊಟ್ಟರೆ, ಗುಂಪಿನಲ್ಲಿ ಯಾರಿದ್ದರು ಅನ್ನುವುದೇ ಅಂಕವನ್ನು ತೀರ್ಮಾನಿಸುತ್ತದೆ. ಎಲ್ಲವನ್ನೂ ತಾನೇ ಹಿಡಿದುಕೊಳ್ಳುವ ಸಹಪಾಠಿ ಸಿಕ್ಕರೆ ಇವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಅದಕ್ಕಾಗಿ ಗುಂಪಿನ ಅಭ್ಯಾಸವನ್ನು ಕಲಿಯಲಿಕ್ಕೆ ಬಳಸಿ, ಮುಗಿದ ಮೇಲೆ ಎಲ್ಲರೂ ಕೂತು ಚರ್ಚಿಸಿ, ಪಾಸ್ ಫೇಲ್ ಅದರ ಮೇಲೆ ನಿಲ್ಲದಂತೆ ನೋಡಿಕೊಳ್ಳುವುದೇ ಸರಿಯಾದ ದಾರಿ.

ಅಂಕಕ್ಕೆ ನಂಬಬೇಕಾದ್ದು ವಾರ್ಡ್‌ನಲ್ಲಿ ಕಂಡದ್ದನ್ನು. 1990ರಲ್ಲಿ ಜಾರ್ಜ್ ಮಿಲ್ಲರ್ ಎಂಬ ವೈದ್ಯಕೀಯ ಶಿಕ್ಷಣ ತಜ್ಞರು ಒಂದು ಪಿರಮಿಡ್ ಬರೆದು ತೋರಿಸಿದರು. ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ದಿನಾ ಮಾಡುವುದು. ಲಿಖಿತ ಪರೀಕ್ಷೆ ಕೆಳಗಿನ ಎರಡನ್ನು ಮುಟ್ಟುತ್ತದೆ, ಓಸ್ಕಿ ಮೂರನೆಯದನ್ನು. ತುದಿಯಲ್ಲಿರುವ ನಾಲ್ಕನೆಯದು ಸಿಗುವುದು ಪೋಸ್ಟಿಂಗ್‌ನಲ್ಲೇ. ಬೆಳಿಗ್ಗೆ ಹ್ಯಾಂಡೋವರ್ ಹೇಗೆ ತಗೊಂಡರು, ಪಕ್ಕದ ಬೆಡ್ ನೋಡುತ್ತಿದ್ದವರಿಗೆ ಕೆಲಸ ಹೆಚ್ಚಾದಾಗ ಕೇಳದೆಯೇ ಕೈಜೋಡಿಸಿದರಾ, ಆಯಾ ಹೇಳಿದ ಮಾತಿಗೆ ಬೆಲೆ ಕೊಟ್ಟರಾ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದರಾ. ಇವು ಎಂಟು ನಿಮಿಷದ ಸ್ಟೇಷನ್‌ನಲ್ಲಿ ಕಾಣಸಿಗುವುದಿಲ್ಲ.

ವಿಧೇಯತೆಗೆ ಬೀಳುವ ಅಂಕ

ದೊಡ್ಡ ಅಪಾಯ ಇರುವುದೂ ವಾರ್ಡ್‌ನ ಅಂಕದಲ್ಲೇ. ನಮ್ಮ ಆಸ್ಪತ್ರೆಗಳಲ್ಲಿ ಮೇಲು ಕೆಳಗಿನ ಸಾಲು ಬಹಳ ಗಟ್ಟಿ. ಡಾಕ್ಟರ್, ಸೂಪರಿಂಟೆಂಡೆಂಟ್, ವಾರ್ಡ್ ಇನ್‌ಚಾರ್ಜ್, ಸ್ಟಾಫ್ ನರ್ಸ್, ಕೊನೆಗೆ ವಿದ್ಯಾರ್ಥಿ. ಎದುರು ಮಾತಾಡದೆ ಹೇಳಿದ್ದನ್ನು ಮಾಡುವವರು 'ಒಳ್ಳೆ ಹುಡುಗಿ'. ನಿರಂತರ ಮೌಲ್ಯಮಾಪನದ ಹಾಳೆಯಲ್ಲಿ 'ನಡವಳಿಕೆ', 'ಸಹಕಾರ' ಎಂಬ ಸಾಲುಗಳಿದ್ದಾಗ ಅಂಕ ಹಾಕುವವರ ಮನಸ್ಸಿನಲ್ಲಿ ಈ ಚಿತ್ರವೇ ಇರುತ್ತದೆ. ಒಂದು ವಿಷಯದಲ್ಲಿ ಮೂಡಿದ ಒಳ್ಳೆಯ ಅಥವಾ ಕೆಟ್ಟ ಅಭಿಪ್ರಾಯ ಉಳಿದ ಎಲ್ಲ ಕಾಲಂಗಳಿಗೂ ಹರಡುವುದು ಮನುಷ್ಯ ಸಹಜ.

ಈಗ ಇಲೇನ್ ಬ್ರೋಮಿಲಿ ಪ್ರಕರಣವನ್ನು ಮತ್ತೆ ನೆನೆಯಿರಿ. ಅಲ್ಲಿ ಬೇಕಾಗಿದ್ದದ್ದು ಮೇಲಿನವರನ್ನು ತಡೆದು ನಿಲ್ಲಿಸುವ ಮಾತು. ಪೆನ್ಸಿಲಿನ್ ಅಲರ್ಜಿ ಎಂದು ಕೇಸ್ ಶೀಟ್‌ನಲ್ಲಿ ಬರೆದಿರುವ ರೋಗಿಗೆ ಅದೇ ಗುಂಪಿನ ಔಷಧಿ ಬರೆದಿದ್ದಾರೆ ಅನ್ನಿ. "ಸರ್, ಇವರಿಗೆ ಅಲರ್ಜಿ ಇದೆ" ಎಂದು ವಿದ್ಯಾರ್ಥಿ ಹೇಳಬೇಕು. ಅವರು ಕೇಳಿಸಿಕೊಳ್ಳದಿದ್ದರೆ ಇನ್ನೊಮ್ಮೆ ಹೇಳಬೇಕು. ಆಗಲೂ ಆಗದಿದ್ದರೆ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಬೇಕು, ಅಲ್ಲಿಯವರೆಗೆ ಔಷಧಿ ಕೊಡಬಾರದು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಮತ್ತು ರಕ್ಷಣಾ ಇಲಾಖೆ ಸೇರಿ 2006ರಲ್ಲಿ ಹೊರತಂದ 'ಟೀಮ್‌ಸ್ಟೆಪ್ಸ್' ತರಬೇತಿಯಲ್ಲಿ ಇದು ನಿಯಮವೇ ಆಗಿದೆ. ಕಾಳಜಿಯನ್ನು ಕನಿಷ್ಠ ಎರಡು ಸಲ ಹೇಳು, ಫಲ ಕಾಣದಿದ್ದರೆ ಮೇಲಕ್ಕೆ ಒಯ್ಯಿ.

ರೋಗಿಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ತಂಡದ ಕೆಲಸ ಇಲ್ಲ. ಆದರೆ ಅಂಕದ ಹಾಳೆಯಲ್ಲಿ ಈ ವಿದ್ಯಾರ್ಥಿಗೆ 'ಎದುರುತ್ತರ ಕೊಡುತ್ತಾಳೆ' ಎಂದು ಬೀಳುವ ಸಾಧ್ಯತೆಯೇ ಜಾಸ್ತಿ. ಒಂದು ಬ್ಯಾಚ್‌ನಲ್ಲಿ ಒಬ್ಬರಿಗೆ ಹೀಗಾದರೆ ಸಾಕು, ಉಳಿದವರು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯುತ್ತಾರೆ. ಪರೀಕ್ಷೆ ಯಾವ ಗುಣ ಬೆಳೆಸಬೇಕೋ ಅದನ್ನೇ ಕೊಂದುಹಾಕುತ್ತದೆ.

ಇದಕ್ಕೆ ಪರಿಹಾರ ಇದೆ. ಎಚ್ಚರಿಕೆ ಹೇಳುವುದನ್ನೇ ಒಂದು ಓಸ್ಕಿ ಸ್ಟೇಷನ್ ಮಾಡಬಹುದು. ಒಬ್ಬ ಶಿಕ್ಷಕರು ಹಿರಿಯ ಡಾಕ್ಟರ್ ಪಾತ್ರ ಹಾಕಿ ತಪ್ಪು ಆರ್ಡರ್ ಕೊಡಲಿ, ಮೊದಲ ಸಲ ಹೇಳಿದಾಗ ಗದರಿ ಕಳಿಸಲಿ. ವಿದ್ಯಾರ್ಥಿ ಗೌರವ ಬಿಡದೆ ಎರಡನೇ ಸಲ ಹೇಳಿದರೆ ಅಂಕ, ಸುಮ್ಮನಾಗಿ ಇಂಜೆಕ್ಷನ್ ಎತ್ತಿಕೊಂಡರೆ ಫೇಲ್. ಹಾಗೆ ಮಾಡಿದರೆ ಮೊದಲ ವರ್ಷದಿಂದಲೇ ಎಲ್ಲರಿಗೂ ಗೊತ್ತಾಗುತ್ತದೆ, ಈ ಮಾತನ್ನು ಆಡುವುದು ತಮ್ಮ ಕೆಲಸದ ಭಾಗ ಎಂದು.

ಬೇಡ ಎನ್ನುವವರ ವಾದ

ಈ ಮೌಲ್ಯಮಾಪನವನ್ನು ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲದೇ ಇಲ್ಲ. ಕೆಲವು ಶಿಕ್ಷಕರು ಹೇಳುವುದು, ಮನುಷ್ಯರ ನಡುವಿನ ವಿಷಯಕ್ಕೆ ಅಂಕ ಹಾಕಿದ ಕೂಡಲೇ ಅದು ನಾಟಕವಾಗುತ್ತದೆ. ಕಲಿಸಿ, ತಿದ್ದಿ, ಆದರೆ ಅಂಕ ಬೇಡ ಎನ್ನುವುದು ಅವರ ನಿಲುವು. ಆದರೆ ಅಂಕ ಇಲ್ಲದ ಪಾಠವನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. ವೇಳಾಪಟ್ಟಿಯಲ್ಲಿ ಮೊದಲು ಹಾರಿಹೋಗುವುದು ಅಂಥ ಪೀರಿಯಡ್ಡೇ. ಹಾಗಾಗಿ ಅಂಕ ಬೇಕಾಗುತ್ತದೆ, ಆದರೆ ರ‍್ಯಾಂಕ್ ತೀರ್ಮಾನಿಸುವಷ್ಟು ಬೇಡ. ಸುರಕ್ಷತೆಗೆ ಇಷ್ಟು ಬಂದರೆ ಪಾಸ್, ಬಾರದಿದ್ದರೆ ಕಲಿತು ಮತ್ತೆ ಬನ್ನಿ ಎಂಬ ಗೆರೆ ಸಾಕು.

ಖಾಸಗಿ ಆಸ್ಪತ್ರೆಗಳ ಒತ್ತಾಯ ಇನ್ನೊಂದು ಬಗೆಯದು. ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಬೇಕೆಂದರೆ ಹ್ಯಾಂಡೋವರ್, ಬಾಯಿಮಾತಿನ ಆರ್ಡರ್ ಇತ್ಯಾದಿಗೆ ಲಿಖಿತ ಪದ್ಧತಿ ಇರಬೇಕು. ಹೊಸ ನರ್ಸ್‌ಗೆ ಇದನ್ನು ಸೇರಿದ ಮೇಲೆ ಕಲಿಸುವ ಬದಲು ಕಾಲೇಜೇ ಕಲಿಸಿ ಕಳಿಸಲಿ ಎಂದು ಅವರು ಬಯಸುತ್ತಾರೆ. ನ್ಯಾಯವೇ. ಆದರೆ ಪೋಸ್ಟಿಂಗ್‌ಗೆ ಬಂದ ವಿದ್ಯಾರ್ಥಿಗಳನ್ನು ಸಿಬ್ಬಂದಿ ಕೊರತೆ ತುಂಬಲು ಬಳಸಿಕೊಂಡರೆ, ಅವರು ಹೇಗೆ ಕಲಿಯುತ್ತಿದ್ದಾರೆ ಎಂದು ನೋಡಲು ಯಾರಿಗೂ ಬಿಡುವಿರುವುದಿಲ್ಲ.

ನೋಡುವವರು ಯಾರು

ಎಲ್ಲ ವಾದಗಳೂ ಕೊನೆಗೆ ಇಲ್ಲಿಗೇ ಬರುತ್ತವೆ. ನೋಡಿ ಅಂಕ ಕೊಡುವುದಕ್ಕೆ ಸಮಯ ಬೇಕು. ಕೌನ್ಸಿಲ್ ನಿಯಮದಂತೆ ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು. ಆ ಒಬ್ಬರು ಪಾಠ ಮಾಡಬೇಕು, ಲಾಗ್ ಬುಕ್ ತಿದ್ದಬೇಕು, ಇನ್‌ಸ್ಪೆಕ್ಷನ್ ಫೈಲ್ ಸಿದ್ಧಪಡಿಸಬೇಕು, ಹತ್ತು ಜನ ಬೇರೆ ಬೇರೆ ವಾರ್ಡ್‌ಗಳಲ್ಲಿ ಏನು ಮಾಡುತ್ತಿದ್ದಾರೆಂದೂ ನೋಡಬೇಕು. ಆಗುವುದಿಲ್ಲ. ಆಗ ನಿರಂತರ ಮೌಲ್ಯಮಾಪನದ ಹಾಳೆಯನ್ನು ಪೋಸ್ಟಿಂಗ್‌ನ ಕೊನೆಯ ದಿನ ನೆನಪಿನಿಂದ ತುಂಬುತ್ತಾರೆ. ನೋಡದೆ ಹಾಕುವಾಗ ಕಡಿಮೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ ಬೀಳುತ್ತದೆ. ಕಾಲೇಜಿಗೂ ಫಲಿತಾಂಶ ಚೆನ್ನಾಗಿ ಕಾಣಬೇಕಾಗಿರುತ್ತದೆ.

ಇದರ ಮೇಲೆ ಕಾಲೇಜುಗಳು ಹೆಚ್ಚುತ್ತಿವೆ. 2014ರ ನಂತರ ಆರಂಭವಾದ ವೈದ್ಯಕೀಯ ಕಾಲೇಜುಗಳ ಜೊತೆಯಲ್ಲೇ 157 ಹೊಸ ನರ್ಸಿಂಗ್ ಕಾಲೇಜು ತೆರೆಯುವುದಾಗಿ 2023-24ರ ಕೇಂದ್ರ ಬಜೆಟ್ ಘೋಷಿಸಿತು. ಸೀಟುಗಳನ್ನು ಬೇಗ ಹೆಚ್ಚಿಸಬಹುದು. ವಾರ್ಡ್‌ನಲ್ಲಿ ನಿಂತು ವಿದ್ಯಾರ್ಥಿಯ ಮಾತನ್ನು ಗಮನಿಸಿ ತಿದ್ದಬಲ್ಲ ಶಿಕ್ಷಕರು ಅಷ್ಟು ಬೇಗ ತಯಾರಾಗುವುದಿಲ್ಲ.

ಕಡಿಮೆ ಖರ್ಚಿನ ದಾರಿ ಇಲ್ಲವೆಂದಲ್ಲ. ವಿದ್ಯಾರ್ಥಿಯ ಜೊತೆ ದಿನವಿಡೀ ಇರುವವರು ವಾರ್ಡ್‌ನ ಸ್ಟಾಫ್ ನರ್ಸ್‌ಗಳು. ಒಂದು ಪೋಸ್ಟಿಂಗ್‌ನಲ್ಲಿ ಮೂರ್ನಾಲ್ಕು ಬೇರೆ ಬೇರೆ ಜನ, ಒಬ್ಬೊಬ್ಬರು ಐದೇ ನಿಮಿಷ, ಒಂದೇ ಒಂದು ಕೆಲಸ ನೋಡಿ ನಾಲ್ಕು ಸಾಲು ಬರೆದು ಆಗಲೇ ವಿದ್ಯಾರ್ಥಿಗೆ ಹೇಳಿದರೆ, ಕೊನೆಯ ದಿನದ ಒಂದು ದೊಡ್ಡ ಅಂಕಕ್ಕಿಂತ ಅದು ನಂಬಲರ್ಹ. ಒಬ್ಬರ ಇಷ್ಟಾನಿಷ್ಟ ಇನ್ನೊಬ್ಬರ ನೋಟದಿಂದ ಸರಿದೂಗುತ್ತದೆ. 22 ವಾರಗಳ ಇಂಟರ್ನ್‌ಶಿಪ್ ಇದಕ್ಕೆ ಒಳ್ಳೆಯ ಜಾಗ. ರೋಗಿಗಳನ್ನೂ ಕೇಳಬಹುದು. "ಈ ಸಿಸ್ಟರ್ ಹೇಳಿದ್ದು ಅರ್ಥ ಆಯ್ತಾ, ಮನೆಗೆ ಹೋದ್ಮೇಲೆ ಏನ್ ಮಾಡ್ಬೇಕು ಹೇಳಿ" ಎಂದರೆ ಸಾಕು, ಮಾತು ತಲುಪಿತೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಸ್ಟಾಫ್ ನರ್ಸ್‌ಗಳಿಗೆ ಇದಕ್ಕೆ ತರಬೇತಿ ಕೊಡಬೇಕು, ಅವರ ಡ್ಯೂಟಿ ಲೆಕ್ಕದಲ್ಲಿ ಈ ಸಮಯವನ್ನು ಸೇರಿಸಬೇಕು. ಪುಕ್ಕಟೆ ಹೊರೆಯಾಗಿ ಹೊರಿಸಿದರೆ ಇದೂ ಇನ್ನೊಂದು ತುಂಬುವ ಹಾಳೆಯಾಗುತ್ತದೆ.

ಒಂದೇ ವಿಶ್ವವಿದ್ಯಾಲಯ, ಎರಡು ಪರೀಕ್ಷೆ

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ತಂದಿತು. ಅದರಡಿ ಶಿಕ್ಷಣಕ್ಕೆ ಒಂದು ಮಂಡಳಿ, ಕಾಲೇಜುಗಳನ್ನು ಅಳೆದು ದರ್ಜೆ ಕೊಡಲು ಒಂದು, ನೀತಿ ಮತ್ತು ನೋಂದಣಿಗೆ ಒಂದು. ಎರಡನೆಯ ಮಂಡಳಿ ಕಾಲೇಜುಗಳನ್ನು ನೋಡುವಾಗ ಕಟ್ಟಡ, ಬೆಡ್, ಮ್ಯಾನಿಕಿನ್ ಎಣಿಸುವುದರ ಜೊತೆಗೆ ವಾರ್ಡ್‌ನಲ್ಲಿ ವಿದ್ಯಾರ್ಥಿಯನ್ನು ಯಾರು, ಎಷ್ಟು ಸಲ ನೋಡಿದ್ದಾರೆ ಎಂಬ ದಾಖಲೆಯನ್ನೂ ಕೇಳಿದರೆ ಬಹಳಷ್ಟು ಬದಲಾಗುತ್ತದೆ. ಕಾಲೇಜುಗಳು ಕೊಂಡುಕೊಳ್ಳುವುದು ಇನ್‌ಸ್ಪೆಕ್ಷನ್‌ನಲ್ಲಿ ಕೇಳುವುದನ್ನೇ ಅಲ್ವಾ.

ಮೇಲೆ ಹೇಳಿದ 157 ಕಾಲೇಜುಗಳಲ್ಲಿ ಒಂದು ಅವಕಾಶವೂ ಇದೆ. ಅವು ವೈದ್ಯಕೀಯ ಕಾಲೇಜುಗಳ ಮಗ್ಗುಲಲ್ಲೇ ಇರುತ್ತವೆ. ಮುಂದೆ ಒಂದೇ ವಾರ್ಡ್‌ನಲ್ಲಿ ಕೆಲಸ ಮಾಡಬೇಕಾದ ಎಂಬಿಬಿಎಸ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಈಗ ಬೇರೆ ಬೇರೆ ಕಟ್ಟಡದಲ್ಲಿ ಸಂವಹನದ ಪಾಠ ಕೇಳಿ, ಬೇರೆ ಬೇರೆ ದಿನ ಪರೀಕ್ಷೆ ಬರೆಯುತ್ತಾರೆ. ನರ್ಸಿಂಗ್ ಪರೀಕ್ಷೆಯಲ್ಲಿ ಡಾಕ್ಟರ್ ಪಾತ್ರವನ್ನು ನರ್ಸಿಂಗ್ ಶಿಕ್ಷಕರು ಹಾಕುತ್ತಾರೆ, ಎಂಬಿಬಿಎಸ್ ಕಡೆ ನರ್ಸ್ ಪಾತ್ರವನ್ನು ಯಾರೂ ಹಾಕುವುದೇ ಇಲ್ಲ. ಆ ಬಾಣಂತಿಯ ಫೋನ್ ಕರೆಯನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಒಟ್ಟಿಗೆ ಇಡಬಹುದು. ನರ್ಸಿಂಗ್ ವಿದ್ಯಾರ್ಥಿ ಹೇಗೆ ಹೇಳಿದರು ಎಂಬುದಕ್ಕೆ ಅಂಕ, ವೈದ್ಯ ವಿದ್ಯಾರ್ಥಿ ಹೇಗೆ ಕೇಳಿಸಿಕೊಂಡರು ಎಂಬುದಕ್ಕೂ ಅಂಕ. ಕರ್ನಾಟಕದ ಬಹುತೇಕ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳು ಸೇರಿರುವುದು ಒಂದೇ ವಿಶ್ವವಿದ್ಯಾಲಯಕ್ಕೆ. ಎರಡೂ ಪರೀಕ್ಷೆ ನಡೆಸುವುದು ಅದೇ. ಮಾಡಬೇಕೆಂದರೆ ವೇಳಾಪಟ್ಟಿಯಲ್ಲಿ ಒಂದು ದಿನ ಇಬ್ಬರಿಗೂ ಹೊಂದುವಂತೆ ಹುಡುಕಬೇಕು, ಎರಡೂ ಕಡೆಯ ಶಿಕ್ಷಕರು ಒಂದೇ ಮೇಜಿನಲ್ಲಿ ಕೂತು ಚೆಕ್‌ಲಿಸ್ಟ್ ಬರೆಯಬೇಕು.